ಟಾಕಿಯ ಹಿಂದಿನ ಮೊಗ್ಗು

ಕಸ್ತೂರೆವ್ವ ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಸಾಬೂನು ನೀರಿನಲ್ಲಿ ಅದ್ದಿ ಕೆಂಪು ದಾಸವಾಳದ ಟೊಂಗೆ ತಿಕ್ಕುತ್ತಿದ್ದಳು. ಗಿಡದ ರಸ ಹೀರುವ ಬಿಳಿ ಹಿಟ್ಟು ತಿಗಣೆಗಳು ಮದುವೆಮನೆಯ ಬೀಗರಂತೆ ಮೆತ್ತನೆಯ ಜಾಗ ನೋಡಿ ಕೂತಿದ್ದವು, ಏಳುವ ಮನಸ್ಸಿರಲಿಲ್ಲ. ವಾರದಿಂದ ಬೇವಿನ ಎಣ್ಣೆಯ ವಾಸನೆ ಅವಳ ಕೈಯ ರೊಟ್ಟಿಗೂ ಹತ್ತಿ, ಗಂಡ ಬೀರಲಿಂಗ ಒಂದೇ ರೊಟ್ಟಿಗೆ ಕೈ ತೊಳೆಯುತ್ತಿದ್ದ.

ನೀರಿನ ಟಾಕಿಯ ಹಿಂದೆ ಒಂದು ಕುಂಡವಿತ್ತು. ಅದರಲ್ಲಿ ಐದು ತಿಂಗಳ ಹಿಂದೆ ನೆಟ್ಟ ದಾಸವಾಳದ ಕಡ್ಡಿ ಗಿಡವಾಗಿತ್ತು. ಎಲ್ಲಿಂದ ತಂದದ್ದೆಂದು ಗಂಡನಿಗೂ ಹೇಳಿರಲಿಲ್ಲ. ಕೇಳದೆ ತಂದ ಕಡ್ಡಿ ಬೇಗ ಚಿಗುರುತ್ತದೆಂಬುದು ಉಣಕಲ್ಲಿನ ಆ ಓಣಿಯ ಹೆಂಗಸರ ನಂಬಿಕೆ. ಅದರ ಮೊದಲ ಮೊಗ್ಗು ನಾಳೆ ಅರಳಲಿತ್ತು. ತಿಗಣೆಗಳು ಅಲ್ಲಿಗೆ ಹೋಗದಂತೆ ಅವಳು ದಿನಕ್ಕೆ ಹತ್ತು ಸಲ ಕಾಯುತ್ತಿದ್ದಳು.

ಪೀಡೆ ಬಂದದ್ದು ಎಲ್ಲಿಂದ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಗೋಡೆಯಾಚೆಯ ಗೀತಾಂಜಲಿ. ಧಾರವಾಡದ ತವರಿನಿಂದ ತಂದ ಹಳದಿ ದಾಸವಾಳದ ಒಂದು ಕಡ್ಡಿಯನ್ನೂ ಯಾರಿಗೂ ಕೊಡದವಳು. ಅವಳು ಅಂಗಳ ಗುಡಿಸಿದರೆ ತಿಗಣೆಗಳನ್ನು ಈಚೆ ತಳ್ಳುತ್ತಿದ್ದಾಳೆ. ಗೋಡೆಯ ಮೇಲಿಂದ ಇಣುಕಿ ನಕ್ಕರೆ ತಳ್ಳಿದ್ದನ್ನು ಎಣಿಸುತ್ತಿದ್ದಾಳೆ.

ಆವತ್ತು ಗೋಡೆಯ ಮೇಲೆ ಇರುವೆಗಳ ಸಾಲು ಕಂಡಿತು. ಸಾಕ್ಷಿ ಸಿಕ್ಕಿತೆಂದು ಕಸ್ತೂರೆವ್ವ ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಗಿರಿಯಪ್ಪನವರನ್ನು ಕರೆತಂದಳು. ಎದುರುಮನೆಯ ಹನುಮವ್ವ ಕರೆಯದೆಯೇ ಬಂದಳು.

"ನೋಡ್ರಿ ಕಾಕಾ, ಅಕಿ ಮನಿ ಕಡಿಂದನ ಇರುವಿ ಹುಳಾ ಹೊತ್ಕೊಂಡ ಬರಾಕತ್ತಾವ."

ಗಿರಿಯಪ್ಪ ಚಷ್ಮಾ ಒರೆಸಿ ನೋಡಿದರು. "ಬರಾಕತ್ತಿಲ್ಲವಾ. ಇಲ್ಲಿಂದ ಅಲ್ಲಿಗೆ ಹೊಂಟಾವ."

ಕಸ್ತೂರೆವ್ವ ಒಪ್ಪಲಿಲ್ಲ. ಮೂವರೂ ಗೀತಾಂಜಲಿಯ ಅಂಗಳಕ್ಕೆ ಹೋದರು. ಹಳದಿ ದಾಸವಾಳ ಬೆಳಗಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು. ಒಂದು ತಿಗಣೆಯೂ ಇರಲಿಲ್ಲ.

ಗೀತಾಂಜಲಿಗೆ ಸಿಟ್ಟು ಬರಲಿಲ್ಲ. "ನನ್ನ ಗಿಡಕ್ಕೂ ಬಂದಿತ್ರಿ ವೈನಿ, ಐದ ತಿಂಗಳಾತು. ಹುಳಾ ಹತ್ತಿದ ಟೊಂಗಿ ಕಡದು, ಚೀಲದಾಗ ಕಟ್ಟಿ, ಕಸದ ಗಾಡಿಗಂತ ಗೇಟಿಗೆ ತೂಗ ಹಾಕಿದ್ದೆ. ಮುಂಜಾನೆ ನೋಡಿದ್ರ ಯಾರೋ ಚೀಲಾ ಬಿಚ್ಚಿ ಒಂದ ಕಡ್ಡಿ ಒಯ್ದಿದ್ರು. ಪಾಪ, ಅವ್ರಿಗೇನ ಗೊತ್ತು."

"ಹಂಗಾದ್ರ ಓಣಿಗೆಲ್ಲಾ ಹಬ್ಬಿದ್ದು ಆ ಕಡ್ಡಿ ಒಯ್ದವ್ರ ಮನಿಯಿಂದನ," ಎಂದರು ಗಿರಿಯಪ್ಪ.

"ನನ್ನ ಪೇರಲ ಗಿಡಾ ಹಾಳ ಮಾಡಿದಾಕಿ ಯಾರಂತ ಹ್ಯಾಂಗ ಹುಡುಕೂದ್ರಿ?" ಹನುಮವ್ವ ಸೆರಗು ಸಿಗಿಸಿಕೊಂಡಳು.

"ಎಲಿ ನೋಡಿದ್ರ ತಿಳಿಯೂದಿಲ್ಲ. ಹೂ ಅರಳಲಿ. ಹಳದಿ ಹೂ ಯಾರ ಮನ್ಯಾಗ ಕಾಣ್ತೈತಿ, ಅಕಿನ," ಅಂದರು ಗಿರಿಯಪ್ಪ.

ಇನ್ನು ದಿನಾ ಮುಂಜಾನೆ ಎಲ್ಲರ ಅಂಗಳ ನೋಡುವುದೆಂದು ತೀರ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ಹೂಂ ಅಂದವಳು ಕಸ್ತೂರೆವ್ವ.

ಮನೆಗೆ ಬಂದು ಟಾಕಿಯ ಹಿಂದೆ ಕೂತಳು. ಬಿಳಿ ಹತ್ತಿಯಂಥದ್ದು ಮೊದಲು ಕಂಡದ್ದು ಈ ಕುಂಡದಲ್ಲೇ ಎಂಬುದು ಈಗ ನೆನಪಾಯಿತು. ಮೊಗ್ಗಿನ ತುದಿ ಬಿರಿದು, ಒಳಗಿನ ಹಳದಿ ಅರಿಸಿನದ ಗೆರೆಯಂತೆ ಇಣುಕುತ್ತಿತ್ತು.

ಸಂಜೆ ಬೀರಲಿಂಗ ಕೇಳಿದ, "ಮೊಗ್ಗಿತ್ತಲ್ಲ, ಎಲ್ಲಿ?"

"ತಿಗಣಿ ತಿಂದ್ವು," ಅಂದಳು.

ಸೆರಗಿನ ಗಂಟಿನಲ್ಲಿ ಮೊಗ್ಗು ಇನ್ನೂ ತಣ್ಣಗಿತ್ತು. ಗಿಡ ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ಅದಕ್ಕೆ ನೀರು ಹಾಕುವುದು, ತಿಗಣೆ ತೊಳೆಯುವುದು, ಮೊಗ್ಗು ಬಂದಾಗಲೆಲ್ಲ ಅರಳುವ ಹಿಂದಿನ ದಿನ ಚಿವುಟುವುದು ಎಂದು ಅವಳು ರೊಟ್ಟಿ ತಟ್ಟುತ್ತ ತನ್ನಷ್ಟಕ್ಕೆ ನಿರ್ಧರಿಸಿದಳು.