ಸಾಕ್ಷಿ ನುಡಿದ ಕಸದ ಡಬ್ಬಿ

ಅನುಮಾನ ಪಡುವುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಅಲ್ಲಿ ಕಲಿತದ್ದರಲ್ಲಿ ಈಗಲೂ ನೆನಪಿರುವುದು ಅದೊಂದೇ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ನಿವೃತ್ತಿಯಾಗುವವರೆಗೂ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು ನಾನು. ತರಕಾರಿಯವನು "ಇವತ್ತೇ ಬಂದ ಮಾಲು ಸಾರ್" ಎಂದರೆ, ಬಂದದ್ದು ಇವತ್ತೇ ಇರಬಹುದು, ಹೊರಟದ್ದು ಯಾವತ್ತು ಎಂದು ಕೇಳುತ್ತೇನೆ. ಹೀಗೆ ಜಗತ್ತನ್ನೆಲ್ಲ ಅನುಮಾನಿಸಿಕೊಂಡು ನಾನು ನಿಶ್ಚಿಂತೆಯಾಗಿದ್ದೆ. ಇತ್ತೀಚೆಗೆ ಆ ಅನುಮಾನ ಊರೆಲ್ಲ ಸುತ್ತಿ ಮನೆಗೆ ವಾಪಸ್ಸು ಬಂದು, ನನ್ನ ತಲೆಯೊಳಗೇ ಕುರ್ಚಿ ಹಾಕಿಕೊಂಡು ಕೂತಿದೆ.

ಶುರುವಾದದ್ದು ಸ್ಕೂಟರಿನಿಂದ. ಒಂದು ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿಗೆ ಸ್ಕೂಟರಿನಲ್ಲಿ ಹೋಗಿ, ಅವರೆಕಾಯಿ ಕೊಂಡು, ಮೆಟ್ರೋದಲ್ಲಿ ಮನೆಗೆ ಬಂದೆ. ಹೆಂಡತಿ ವನಜಾ ಬಾಲ್ಕನಿಯಿಂದ ಕೆಳಗೆ ನೋಡಿ, "ಸ್ಕೂಟರ್ ಎಲ್ರೀ?" ಎಂದಳು. "ಯಾವ ಸ್ಕೂಟರ್?" ಎಂದೆ. ಈ ಉತ್ತರವನ್ನು ನಾನು ಕೊಡಬಾರದಿತ್ತು. ಸೆಕೆ ಹೆಚ್ಚಾಗಿತ್ತು, ತಣ್ಣಗಿರುತ್ತದೆಂದು ಬೇಕೆಂದೇ ಮೆಟ್ರೋ ಹತ್ತಿದೆ ಎಂದು ಆಮೇಲೆ ಎಷ್ಟು ವಾದಿಸಿದರೂ ತೀರ್ಪು ಬದಲಾಗಲಿಲ್ಲ. ಅದಾದ ಕೆಲವೇ ದಿನಕ್ಕೆ ಸಾರನ್ನು ಒಲೆಯ ಮೇಲೆ ಬಿಸಿಗಿಟ್ಟು ವಾಕಿಂಗ್ ಹೋಗಿಬಿಟ್ಟೆ. ವಾಪಸ್ಸು ಬಂದಾಗ ಪಾತ್ರೆ ಸಿಂಕಿನಲ್ಲಿ ಕರ್ರಗೆ ಕೂತಿತ್ತು, ವನಜಾ ಸೋಫಾದ ಮೇಲೆ ಕೆಂಪಗೆ ಕೂತಿದ್ದಳು.

"ಇನ್ನೊಂದು ಸಲ ಹಿಂಗಾಯ್ತು ಅಂದ್ರೆ ಸ್ಕೂಟರ್ ಕೀ ನನ್ನ ಕೈಗೆ ಕೊಡ್ಬೇಕು. ಹೇಳಿದೀನಿ" ಎಂದಳು.

ಸ್ಕೂಟರು ಹೋದರೆ ಹೋಗುವುದು ಬರೀ ಎರಡು ಚಕ್ರ ಎಂದು ನೀವು ತಿಳಿಯಬಾರದು. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್ಸು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡದೆ ಮನೆ ಬಿಡುವ ಹಕ್ಕೇ ಹೋಗುತ್ತದೆ. ಒಂದು ಕಡೆ ಅರ್ಧ ಗಂಟೆ ಕೂರಲಾರದ ನನ್ನಂಥ ಕಾಲಿಗೆ ಚಕ್ರ ಕಟ್ಟಿಕೊಂಡವನನ್ನು ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಲ್ಲಿಸುವುದೆಂದರೆ ಶಿಕ್ಷೆಯೇ. ಹಾಗಾಗಿ ತುಂಬ ಎಚ್ಚರದಿಂದಿದ್ದೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಲಿಫ್ಟಿನವರೆಗೆ ಹೋಗಿ, ಎಳೆದು ನೋಡಿದೆನೇ ಎಂದು ನೋಡಲು ವಾಪಸ್ಸು ಬರುತ್ತಿದ್ದೆ. ಇಂಥ ಹೊತ್ತಿನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬುದ್ಧಿಯಿರುವ ಕಸದ ಡಬ್ಬಿ ಬಂತು.

ನಮ್ಮದು ಜೆ.ಪಿ. ನಗರ ಮುಗಿದು ಜರಗನಹಳ್ಳಿ ಶುರುವಾಗುವ ಕಡೆಯ ಹಳೆಯ ಕಟ್ಟಡ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಎಷ್ಟು ಬೋರ್ಡು ಹಾಕಿದರೂ ನಮ್ಮವರು ಬೋರ್ಡನ್ನು ಓದಿ, ತಲೆದೂಗಿ, ಎರಡನ್ನೂ ಒಂದೇ ಕವರಿನಲ್ಲಿ ಕಟ್ಟಿ ಇಡುತ್ತಿದ್ದರು. ಕಸದ ಆಟೋದವನು ಒಯ್ಯುವುದಿಲ್ಲ ಎನ್ನುತ್ತಿದ್ದ. ಬೇಸ್‌ಮೆಂಟು ನಾರುತ್ತಿತ್ತು. ಆಗ ನಮ್ಮ ಕಾರ್ಯದರ್ಶಿ ಪ್ರಭಾಕರ್ ಎಲ್ಲಿಂದಲೋ ನೀಲಾಂಬಿಕಾ ಎಂಬ ಹುಡುಗಿಯನ್ನು ಕರೆತಂದರು. ಗದಗದ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದಾಳೆ, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕೈಯಲ್ಲಿ ಲ್ಯಾಪ್‌ಟಾಪು. ಕೆಲಸ ಬಿಟ್ಟು ಇಬ್ಬರು ಗೆಳತಿಯರ ಜೊತೆ ಸ್ವಂತ ಕಂಪನಿ ಕಟ್ಟಿದ್ದಳು. ಕಂಪನಿಗೆ ಒಂದು ಹೆಸರಿತ್ತು, ನನಗೀಗ ನೆನಪಾಗುತ್ತಿಲ್ಲ. ಈ ಮಾತು ವನಜಾಳವರೆಗೆ ಹೋಗಕೂಡದು.

ಡಬ್ಬಿಗೆ ಎರಡು ಬಾಯಿ, ಒಂದು ಹಸಿ ಕಸಕ್ಕೆ, ಒಂದು ಒಣ ಕಸಕ್ಕೆ. ಮನೆಯ ಕಾರ್ಡು ಮುಟ್ಟಿಸಿದರೆ ಬೇಕಾದ ಬಾಯಿ ತೆರೆಯುತ್ತದೆ. ಒಳಗಿನ ಕ್ಯಾಮೆರಾ ಬಿದ್ದ ಕಸವನ್ನು ನೋಡುತ್ತದೆ, ಕೃತಕ ಬುದ್ಧಿ ಅದನ್ನು ಗುರುತು ಹಿಡಿಯುತ್ತದೆ. ತಪ್ಪು ಬಾಯಿಗೆ ಹಾಕಿದರೆ ಕೆಂಪು ದೀಪ. ತಕ್ಷಣ ತೆಗೆದು ಸರಿಪಡಿಸಿದರೆ ಕ್ಷಮೆ, ಇಲ್ಲವಾದರೆ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮನೆಯ ನಂಬರು.

ಭೂಮಿಯನ್ನು ಉಳಿಸಲು ಕಂಪನಿ ತೆರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಅವರ ಹೆಸರಿನ ಪಕ್ಕ ಯಾವಾಗಲೂ ಒಂದು ಹಸಿರು ಎಲೆಯ ಚಿತ್ರ ಇರುತ್ತದೆ. ಅದು ಯಾವ ಮರದ ಎಲೆ ಎಂದು ಕೇಳಿದರೆ ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ. ಡಬ್ಬಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಕರೆದ ಮೀಟಿಂಗಿನಲ್ಲಿ ಎದ್ದು ನಿಂತು, "ಅದಕ್ಕೆ ಗೊತ್ತು ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ. ತರ್ಕಶಾಸ್ತ್ರದವರ ಬ್ರಹ್ಮಾಸ್ತ್ರ ಅದು.

"ಅದಕ್ಕ ಗೊತ್ತಿಲ್ರೀ ಸರ" ಎಂದಳು ನೀಲಾಂಬಿಕಾ. "ಅದು ಬರೇ ಅಂದಾಜ ಮಾಡ್ತೈತಿ. ತನ್ನ ಅಂದಾಜಿನ ಮ್ಯಾಲ ತನಗ ಎಷ್ಟು ನಂಬಿಕಿ ಐತಿ ಅನ್ನೂದನ್ನೂ ಹೇಳ್ತೈತಿ."

ಬ್ರಹ್ಮಾಸ್ತ್ರ ಹೋದ ದಾರಿಯಲ್ಲೇ ವಾಪಸ್ಸು ಬಂತು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಷ್ಟು ವಿನಯವಿದ್ದ ಪ್ರಾಣಿ ಒಂದೂ ಇರಲಿಲ್ಲ, ನನ್ನನ್ನೂ ಸೇರಿಸಿಕೊಂಡು. ಆದರೂ ಕೈ ಎತ್ತುವಾಗ ವಿರುದ್ಧವಾಗಿಯೇ ಎತ್ತಿದೆ. ಎತ್ತಿದವನು ನಾನೊಬ್ಬನೇ. ವನಜಾ ಪರವಾಗಿ ಎತ್ತಿದಳು, ಅದೂ ನನ್ನ ಪಕ್ಕದಲ್ಲೇ ಕೂತು.

ನಿಜ ಹೇಳಬೇಕೆಂದರೆ ಡಬ್ಬಿ ಬಂದ ಮೇಲೆ ಬೇಸ್‌ಮೆಂಟಿನ ವಾಸನೆ ಹೋಯಿತು. ನನಗೆ ನೆಗಡಿಯಾಗಿದ್ದರಿಂದ ಹಾಗನ್ನಿಸುತ್ತಿರಬಹುದೆಂದು ಕೆಲವು ದಿನ ಕಾದೆ. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಹಸಿ ಕಸ ಕಟ್ಟಡದ ಹಿಂದಿನ ಜಾಗದಲ್ಲಿ ಗೊಬ್ಬರವಾಗತೊಡಗಿತು. ಪ್ರಭಾಕರ್ ಅದನ್ನು ಅಂಗೈಯಲ್ಲಿ ಹಿಡಿದು ಮನೆಮನೆಗೂ ಪ್ರಸಾದದಂತೆ ತೋರಿಸಿದರು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಂದು ಶನಿವಾರ ಗುಂಪಿನಲ್ಲಿ ಸಂದೇಶ ಬಂತು: "ಮನೆ ೨೦೪. ಒಣ ಕಸದಲ್ಲಿ ಹಸಿ ಕಸ. ದಯವಿಟ್ಟು ಗಮನಿಸಿ." ಪಕ್ಕದಲ್ಲಿ ಆ ಎಲೆ. ೨೦೪ ನಮ್ಮ ಮನೆ.

ನಮ್ಮ ಮನೆಯಲ್ಲಿ ಕಸ ಇಳಿಸುವುದು ನನ್ನ ಕೆಲಸ. ನಾನು ಸರಿಯಾಗಿಯೇ ಹಾಕಿದ್ದೆ. ಹಾಕಿದ್ದೆ ಎಂದು ನನ್ನ ನೆನಪು. ಮುಂದಿನ ಶನಿವಾರ ಮತ್ತೆ ಅದೇ ಸಂದೇಶ. ಅದರ ಮುಂದಿನ ಶನಿವಾರ ಹಸಿಯದು ಹಸಿಗೆ, ಒಣದು ಒಣದಕ್ಕೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತ ಹಾಕಿದೆ. ವಾಚ್‌ಮನ್ ನಾನು ಮಂತ್ರ ಹೇಳುತ್ತಿದ್ದೇನೆಂದು ಕೈಮುಗಿದ. ಸಂದೇಶ ಮತ್ತೆ ಬಂತು.

"ಆವತ್ತು ಸ್ಕೂಟರ್, ಆಮೇಲೆ ಸಾರು, ಈಗ ಕಸ" ಎಂದಳು ವನಜಾ. "ಡಬ್ಬೀಲಿ ಹಸಿ ಯಾವ್ದು ಒಣ ಯಾವ್ದು ಗೊತ್ತಾಗ್ದೋರು ಸಿಗ್ನಲ್‌ನಲ್ಲಿ ಕೆಂಪು ಯಾವ್ದು ಹಸಿರು ಯಾವ್ದು ಅಂತ ಹೆಂಗ್ ನೋಡ್ತೀರಾ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಆವತ್ತು ಇಡೀ ದಿನ ನಡುಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದೆ. ಶನಿವಾರ ಮಾತ್ರ ಯಾಕೆ? ನನ್ನ ನೆನಪಿನ ಶಕ್ತಿ ವಾರಕ್ಕೊಮ್ಮೆ ರಜಾ ಹಾಕುವ ಸರ್ಕಾರಿ ನೌಕರನೇ? ಅಥವಾ ವಿರುದ್ಧ ಕೈ ಎತ್ತಿದವನ ಮೇಲೆ ಡಬ್ಬಿಯವರ ಸೇಡೇ? ಯಂತ್ರ ಕೆಲಸ ಮಾಡುತ್ತಿದೆಯೆಂದು ತೋರಿಸಲು ವಾರಕ್ಕೊಬ್ಬ ಕಳ್ಳ ಬೇಕಲ್ಲ, ಅದಕ್ಕೆ ಮರೆಗುಳಿ ಮುದುಕನಿಗಿಂತ ಒಳ್ಳೆಯ ಕಳ್ಳ ಎಲ್ಲಿ ಸಿಗುತ್ತಾನೆ? ಈ ಕೊನೆಯ ಊಹೆ ನನಗೆ ತುಂಬ ಹಿಡಿಸಿತು. ಯಂತ್ರ ಸುಳ್ಳು ಹೇಳುತ್ತಿದ್ದರೆ ನನ್ನ ತಲೆ ಸರಿಯಾಗಿದೆ. ಯಂತ್ರ ನಿಜ ಹೇಳುತ್ತಿದ್ದರೆ... ಆ ವಾಕ್ಯವನ್ನು ನಾನು ಮುಗಿಸಲಿಲ್ಲ.

ಮುಂದಿನ ಶನಿವಾರ ಸಂದೇಶ ಬಂದ ತಕ್ಷಣ ಬೇಸ್‌ಮೆಂಟಿಗೆ ಇಳಿದೆ. ನೀಲಾಂಬಿಕಾ ಡಬ್ಬಿಯ ಬೆನ್ನು ಬಿಚ್ಚಿಕೊಂಡು ಕೂತಿದ್ದಳು. ಪ್ರಭಾಕರ್ ಪಕ್ಕದಲ್ಲಿ ಟಾರ್ಚು ಹಿಡಿದಿದ್ದರು. ಪುರಾವೆ ತೋರಿಸಿ ಎಂದೆ.

"ಮಷಿನ್ನಿಗೆ ನಿಮ್ಮ ಮ್ಯಾಲ ಸಿಟ್ಟೇನಿಲ್ರೀ ಸರ" ಎನ್ನುತ್ತ ಅವಳು ಲ್ಯಾಪ್‌ಟಾಪು ತಿರುಗಿಸಿದಳು. "ಮಂದಿ ಮುಖ ನಾವು ತಗಿಯಂಗಿಲ್ಲ. ಬರೇ ಕಸದ ಫೋಟೋ."

ಫೋಟೋದಲ್ಲಿ ಒಣ ಕಸದ ರಟ್ಟು, ಹಾಲಿನ ಪ್ಯಾಕೆಟ್ಟುಗಳ ಮೇಲೆ ಒಂದು ಬಾಡಿದ ನಿಂಬೆಹಣ್ಣು, ನಾಲ್ಕಾರು ಹಸಿಮೆಣಸಿನಕಾಯಿ, ಒಂದು ಇದ್ದಿಲ ಚೂರು, ಎಲ್ಲವನ್ನೂ ಪೋಣಿಸಿದ ಒಂದು ತಂತಿ ಕಾಣುತ್ತಿದ್ದವು. ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುತ್ತಾರಲ್ಲ, ಅದೇ. ಹಿಂದಿನ ಶನಿವಾರಗಳ ಫೋಟೋಗಳಲ್ಲೂ ಅದೇ. ಕೆಳಗೆ ಯಂತ್ರ ತನ್ನ ಅಭಿಪ್ರಾಯ ಬರೆದಿತ್ತು: "ಖಚಿತವಿಲ್ಲ. ಹಸಿ ಇರಬಹುದು."

ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಬೇಸ್‌ಮೆಂಟಿನಲ್ಲಿ ಕಾರು ತೊಳೆಸುತ್ತಿದ್ದವರು, ಲಿಫ್ಟಿಗೆ ಕಾಯುತ್ತಿದ್ದವರು ಎಲ್ಲರಿಗೂ ಕೇಳುವಂತೆ ಭಾಷಣ ಶುರುಮಾಡಿದೆ. "ನಿಮ್ಮ ಯಂತ್ರ ಸಿಕ್ಕಿಬಿತ್ತು! ಇದನ್ನು ಕಟ್ಟುವ ಮೂಢನಂಬಿಕೆ ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ, ಇಲ್ಲ, ಇರುವುದಿಲ್ಲ. ನಿಂಬೆಹಣ್ಣಿಗೂ ಅಪಘಾತಕ್ಕೂ ಯಾವ ಕಾರ್ಯಕಾರಣ ಸಂಬಂಧ ಇದೆ, ಹೇಳಿ ಪ್ರಭಾಕರ್..."

"ರೀ" ಎಂದಿತು ಹಿಂದಿನಿಂದ ಒಂದು ದನಿ. ಸಾರಕ್ಕಿ ಮಾರ್ಕೆಟ್ಟಿನಿಂದ ಆಗತಾನೇ ಬಂದ ವನಜಾ ಚೀಲ ಹಿಡಿದು ನಿಂತಿದ್ದಳು. "ಸ್ವಲ್ಪ ನಿಲ್ಲಿಸ್ತೀರಾ? ಅದು ನಮ್ದೇ."

ಪ್ರಭಾಕರ್ ಟಾರ್ಚನ್ನು ಡಬ್ಬಿಯಿಂದ ಅವಳ ಕಡೆ ತಿರುಗಿಸಿದರು.

"ಶನಿವಾರ ಗೇಟಿನ ಹತ್ರ ಮಾರ್ಕೊಂಡು ಬರ್ತಾನಲ್ಲ, ಅವನತ್ರ ತಗೊಂಡು ಸ್ಕೂಟರ್‌ಗೆ ಕಟ್ತೀನಿ. ಹಳೇದನ್ನ ಇಲ್ಲಿ ಹಾಕ್ತೀನಿ. ಮುಂಚೆ ಮೂರು ದಾರಿ ಸೇರೋ ಕಡೆ ಬಿಸಾಕ್ತಿದ್ವಿ, ಈಗ ರೋಡಲ್ಲಿ ಹಾಕಿದ್ರೆ ದಂಡ. ತಂತಿ ಇದೆಯಲ್ಲ ಅಂತ ಒಣ ಕಸಕ್ಕೆ ಹಾಕ್ದೆ."

"ಬೇರೆ ಮಾಡಿ ಹಾಕಬೇಕ್ರೀ ಅಕ್ಕಾರ. ನಿಂಬಿಹಣ್ಣು ಹಸಿ, ತಂತಿ ಒಣ" ಎಂದಳು ನೀಲಾಂಬಿಕಾ.

"ಬಿಚ್ಚಬಾರದಮ್ಮ! ದೃಷ್ಟಿ ಬಿಚ್ಚಿದೋರಿಗೇ ತಗಲತ್ತೆ."

"ಕೆಂಪು ದೀಪ ಹತ್ತಿದ್ದು ಕಾಣಲಿಲ್ಲೇನ್ರೀ?"

"ಹೆಂಗೆ ಕಾಣತ್ತೆ? ಬಿಸಾಕಿದ್ಮೇಲೆ ತಿರುಗಿ ನೋಡಬಾರದು."

ನೀಲಾಂಬಿಕಾ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ನಮ್ಮವ್ವನೂ ಹಿಂಗ ಹೇಳ್ತಾಳ. ನಾವು ಮೂರೂ ಮಂದಿ ಕುಂತು ದೀಪ ಎಲ್ಲಿ ಹಚ್ಚಬೇಕು ಅಂತ ವಾರಗಟ್ಟಲೆ ವಿಚಾರ ಮಾಡೀವಿ. ತಿರುಗಿ ನೋಡಲಾರದ ಮಂದಿ ಬಗ್ಗೆ ಒಬ್ಬಾಕಿಗೂ ಹೊಳೀಲಿಲ್ಲ ನೋಡ್ರಿ." ಅವಳ ಮುಖದಲ್ಲಿ ಬೇಜಾರಿರಲಿಲ್ಲ. ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಡಬ್ಬಿಗೆ ಮೂರನೆಯ ಬಾಯಿಯೊಂದನ್ನು ಬರೆಯತೊಡಗಿದಳು. ಬಿಚ್ಚಬಾರದ್ದು, ಮುಟ್ಟಬಾರದ್ದು, ದೇವರಿಗೆ ಏರಿಸಿದ್ದು, ದೃಷ್ಟಿ ತೆಗೆದದ್ದು ಎಲ್ಲಕ್ಕೂ ಆ ಬಾಯಿ. ದೀಪದ ಬದಲು ಮಾತು, ಏಕೆಂದರೆ ತಿರುಗಿ ನೋಡದವರಿಗೂ ಕಿವಿ ಕೇಳಿಸುತ್ತದೆ. "ಬೆಂಗಳೂರಾಗ ಒಂದೊಂದು ಶನಿವಾರಕ್ಕ ಎಷ್ಟು ನಿಂಬಿಹಣ್ಣು ರಸ್ತೇದಾಗ ಬೀಳ್ತಾವ ಅಂತೀರಿ ಸರ? ಯಾರೂ ಈ ಕಡೆ ನೋಡೇ ಇಲ್ಲ!" ಎಂದಳು. ಭೂಮಿಯ ಕಷ್ಟವನ್ನು ಕಂಡು ಇಷ್ಟು ಖುಷಿಪಡುವವರನ್ನು ನಾನು ಹಿಂದೆ ನೋಡಿರಲಿಲ್ಲ. ಇವರ ಕಸುಬೇ ಹೀಗಿರಬೇಕು.

ನನ್ನ ಗಮನವೆಲ್ಲ ಬೇರೆ ಕಡೆ ಇತ್ತು. ಮೂಲೆಯಲ್ಲಿದ್ದ ನನ್ನ ಸ್ಕೂಟರನ್ನು ನೋಡಿದೆ. ಹೆಡ್‌ಲೈಟಿನ ಕೆಳಗೆ ಹೊಸ ನಿಂಬೆಹಣ್ಣು ಹಳದಿಯಾಗಿ, ನನಗಿಂತ ಆರೋಗ್ಯವಾಗಿ ತೂಗುತ್ತಿತ್ತು. ದಿನವೂ ನಾನು ಓಡಿಸುವ ಗಾಡಿ ಅದು. ಆದರೂ ಗೆದ್ದವನು ನಾನೇ ತಾನೆ? ತಪ್ಪು ಬಾಯಿಗೆ ಹಾಕಿದ್ದು ನಾನಲ್ಲ, ನನ್ನ ತಲೆ ನೆಟ್ಟಗಿದೆ. ಎದೆಯುಬ್ಬಿಸಿ, "ಅಂತೂ ನನಗೆ ಹೇಳದೆ ಕೇಳದೆ ನನ್ನ ಗಾಡಿಗೆ ಕಟ್ಟಿದೆ" ಎಂದೆ.

ವನಜಾ ನನ್ನನ್ನೇ ನೋಡಿದಳು. "ಹೇಳದೇನಾ? ಮೆಟ್ರೋದಲ್ಲಿ ಬಂದ್ರಲ್ಲ, ಆ ವಾರವೇ ಕಟ್ಟಿದ್ದು. ಹ್ಯಾಂಡಲ್ ಅಲ್ಲಾಡದ ಹಂಗೆ ಹಿಡ್ಕೊಂಡಿದ್ದೇ ನೀವು. ಮೂಢನಂಬಿಕೆ ಅಂತ ನಿಂತಲ್ಲೇ ಒಂದು ಲೆಕ್ಚರ್ ಕೊಟ್ರಿ. ಕೊಟ್ಟು, 'ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟು ವನಜಾ, ಹಂಪ್‌ನಲ್ಲಿ ಬಿದ್ದುಹೋಗತ್ತೆ' ಅಂದ್ರಿ. ನೆನಪಿಲ್ವಾ?"

ನನಗೆ ನೆನಪಿರಲಿಲ್ಲ. ಒಂದಿಷ್ಟೂ ಇರಲಿಲ್ಲ. ಅವಳು ಆ ಕ್ಷಣದಲ್ಲಿ ಹುಟ್ಟಿಸಿಕೊಂಡು ಹೇಳುತ್ತಿದ್ದಾಳೆಂದು ಅನುಮಾನಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆದರೆ ಆ ಬಿಗಿಯಾಗಿ ಕಟ್ಟು ಎಂಬ ಮಾತು ನನ್ನದೇ. ಬೇರೆ ಯಾರೂ ಆಡಲಾರದ ಮಾತು ಅದು. ನಂಬದಿರುವ ವಸ್ತುವೂ ಸರಿಯಾಗಿ ಕೆಲಸ ಮಾಡಬೇಕೆಂದು ಬಯಸುವವನು ಈ ಕಟ್ಟಡದಲ್ಲಿ ನಾನೊಬ್ಬನೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಡಬ್ಬಿ ಪಕ್ಕದಲ್ಲೇ ಸುಮ್ಮನೆ ನಿಂತಿತ್ತು.

ವನಜಾ ಅಂಗೈ ಚಾಚಿದಳು. ನಾನು ಕೀ ಕೊಟ್ಟೆ.

ನೀಲಾಂಬಿಕಾಳ ಬಳಿ ಹೋಗಿ ಮೆಲ್ಲಗೆ, "ಏನಮ್ಮಾ, ಇದೇ ಕ್ಯಾಮೆರಾನ ಸಣ್ಣದಾಗಿ, ಮನೆಯೊಳಗಿಡೋ ಥರ, ಯಾರು ಯಾವಾಗ ಏನಂದರು ಅಂತ ನೆನಪಿಡೋ ಥರ ಮಾಡೋಕಾಗುತ್ತಾ?" ಎಂದು ಕೇಳಿದೆ.

"ಮಾಡಬಹುದ್ರೀ ಸರ" ಎಂದು ನಕ್ಕಳು. "ಆದ್ರ ಅದನ್ನ ಹಚ್ಚಿದ ಮ್ಯಾಲ ಮನ್ಯಾಗ ಗೆಲ್ಲೋರು ಅಕ್ಕಾರ ಆಗ್ತಾರ, ನೋಡ್ರಿ ಮತ್ತ."

ಈಗ ಡಬ್ಬಿಗೆ ಮೂರನೆಯ ಬಾಯಿ ಬಂದಿದೆ. ಬೇರೆ ಅಪಾರ್ಟ್‌ಮೆಂಟಿನವರೂ ಬಂದು ನೋಡಿಕೊಂಡು ಹೋಗುತ್ತಾರೆ. ಸ್ಕೂಟರು ಮೂಲೆಯಲ್ಲೇ ನಿಂತಿದೆ, ಆದರೂ ಶನಿವಾರ ಶನಿವಾರ ಅದಕ್ಕೆ ಹೊಸ ನಿಂಬೆಹಣ್ಣು. ನಿಂತ ಗಾಡಿಗೆ ಯಾರ ಕಣ್ಣು ಬೀಳುತ್ತದೆ ಎಂದು ಕೇಳಿದರೆ, "ನಿಮ್ದೇ, ಇನ್ಯಾರದು?" ಎನ್ನುತ್ತಾಳೆ ವನಜಾ. ಕಟ್ಟುವಾಗ ಹ್ಯಾಂಡಲ್ ಹಿಡಿಯುವವನು ನಾನೇ, ಹಿಡಿದಿದ್ದಕ್ಕೆ ಸಾಕ್ಷಿಯಾಗಿ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಹಳೆಯದನ್ನು ಡಬ್ಬಿಗೆ ಹಾಕುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಹಾಕಿದೊಡನೆ ಒಳಗಿನಿಂದ ನೀಲಾಂಬಿಕಾಳ ದನಿಯಲ್ಲಿ, "ಸರಿಯಾಗಿ ಬಿತ್ತು, ಹೋಗಿ ಬರ್ರಿ" ಎಂದು ಕೇಳಿಸುತ್ತದೆ. ಈ ನಂಬಿಕೆಗಳಲ್ಲಿ ನನಗೆ ಎಳ್ಳಷ್ಟೂ ವಿಶ್ವಾಸವಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆದರೂ ಹಾಕಿದ ಮೇಲೆ ನೆಟ್ಟಗೆ ಲಿಫ್ಟಿನ ಕಡೆ ನಡೆದುಬಿಡುತ್ತೇನೆ. ಯಾರಾದರೂ ಕೇಳಿದರೆ, ತಿರುಗಿ ನೋಡುವುದು ಮರೆತುಹೋಯಿತು ಎನ್ನುತ್ತೇನೆ.