ನನಗೆ ಕೊರಿಯಾ ಭಾಷೆ ಬಂದ ದಿನ

ನನಗೆ ಮೂರು ಭಾಷೆ ಬರುತ್ತವೆ. ಕನ್ನಡ ಹುಟ್ಟಿನಿಂದ ಬಂತು, ತೆಲುಗು ತವರಿನ ಓಣಿಯಿಂದ ಬಂತು, ಜಗಳಕ್ಕೆ ಸಾಕಾಗುವಷ್ಟು ಹಿಂದಿ ಸಂತೆಯಿಂದ ಬಂತು. ನಾಲ್ಕನೆಯದು ಕೊರಿಯಾ ಭಾಷೆ. ಅದು ಬೆಳಿಗ್ಗೆ ಹತ್ತಕ್ಕೆ ಬಂದು ಮಧ್ಯಾಹ್ನ ಮೂರಕ್ಕೆ ಹೋಯಿತು. ಹೋಗುವಾಗ ನನ್ನ ಮರ್ಯಾದೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು!

ನಮ್ಮ ಮನೆ ಕಮಲಾಪುರದಲ್ಲಿದೆ. ಹಂಪಿ ನೋಡಲು ಬರುವವರಿಗೆ ಎರಡು ಕೋಣೆ ಬಾಡಿಗೆಗೆ ಕೊಡುತ್ತೇವೆ. ಆ ವ್ಯವಹಾರವೆಲ್ಲ ಸೊಸೆ ಮಂಜುಳಾಳದು. ಕೋಣೆ, ಕಪಾಟು, ಫ್ರಿಜ್ಜು ಎಲ್ಲದರ ಕೀಲಿಕೈ ಗೊಂಚಲು ಅವಳ ಸೊಂಟದಲ್ಲಿರುತ್ತದೆ. ಮೊದಲು ಅದು ನನ್ನ ಸೊಂಟದಲ್ಲಿತ್ತು. ಒಬ್ಬ ವಿದೇಶದವನಿಗೆ ನಮ್ಮ ಕೊಡದ ನೀರು ಕೊಟ್ಟೆ. ಹಂಪಿ ನೋಡಲು ಬಂದವನು ಮೂರು ದಿನ ನಮ್ಮ ಪಾಯಖಾನೆ ನೋಡಿದ. ಹೋಗುವಾಗ ಫೋನಿನಲ್ಲಿ ಒಂದೇ ಚುಕ್ಕಿ ಹಾಕಿ ಹೋದ. ಐದು ಚುಕ್ಕಿ ಬರಬೇಕಂತೆ. ಚುಕ್ಕಿ ಕಡಿಮೆಯಾದರೆ ಜನ ಬರುವುದಿಲ್ಲವಂತೆ. ಆವತ್ತೇ ಕೀಲಿಕೈ ಸೊಂಟ ಬದಲಾಯಿಸಿತು.

ಮೊನ್ನೆ ಬೇಸಿಗೆಯಲ್ಲಿ ಮಂಜುಳಾ ತನ್ನ ಬಸುರಿ ತಂಗಿಯ ಕುಬಸಕ್ಕೆ ಕಂಪ್ಲಿಗೆ ಹೊರಟಳು. ಮಗನಿಗೆ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಹಗಲು ಪಾಳಿ. ಬೇರೆ ದಾರಿಯಿಲ್ಲದೆ ಗೊಂಚಲು ನನ್ನ ಕೈಗೆ ಬಂತು.

"ಅತ್ತಿ, ಎರಡ ಮಾತು ನೆನಪಿಡ್ರಿ. ಅಡಿಗಿಗೆ ಖಾರ ಹಾಕಬ್ಯಾಡ್ರಿ. ಕೊಡದ ನೀರು ಕೊಡಬ್ಯಾಡ್ರಿ. ನೀರು ಕೇಳಿದ್ರ ಫ್ರಿಜ್ಜಿನಾಗ ಬಾಟ್ಲಿ ಅದಾವು, ಅವನ್ನ ಕೊಡ್ರಿ."

"ನಲವತ್ತೈದು ವರ್ಷ ಸಂಸಾರ ಮಾಡೀನಿ ನಾನು!"

"ಅದಕ್ಕ ಹೇಳಾಕತ್ತೀನಿ. ಇವತ್ತು ಸರಿ ನೋಡ್ಕೊಂಡ್ರ ಕೀಲಿಕೈ ಮುಂದನೂ ನಿಮ್ಮ ಹತ್ರಾನ ಇರ್ಲಿ."

ನನಗೆ ಬೇಕಾಗಿದ್ದೂ ಅದೇ. ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಮನೆ ತುಂಬ ಝಣಝಣ ಅನ್ನಿಸುತ್ತ ಓಡಾಡಿದೆ.

ಕೋಣೆಯಲ್ಲಿ ಕೊರಿಯಾದ ತಾಯಿ ಮಗಳು ಇದ್ದರು. ತಾಯಿಗೆ ನನ್ನಷ್ಟೇ ವಯಸ್ಸು. ಇಂಗ್ಲಿಷು ಅವಳಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಚಹಾ ಕೊಡುವಾಗ ಮಗಳು ತಾಯಿಯನ್ನು "ಒಮ್ಮಾ" ಅಂದಳು. ನನ್ನ ಕಿವಿ ನಿಮಿರಿತು. ತಾಯಿ ಮಗಳ ಫೋನಿನಲ್ಲಿ ಒಬ್ಬ ಮುದುಕನ ಫೋಟೋ ತೋರಿಸಿ, ಮಗಳ ಕಡೆ ಬೆರಳು ಮಾಡಿ, "ಅಪ್ಪ" ಅಂದಳು. ತನ್ನ ಎದೆ ಮುಟ್ಟಿಕೊಂಡು "ನಾ" ಅಂದಳು. ಮಗಳಿಗೆ ಏನೋ ಹೇಳುವಾಗ "ನೀ" ಅಂದಳು.

ನಾನು ಯಜಮಾನರನ್ನು ಕೂಗಿದೆ. "ಇಲ್ಲಿ ಬರ್ರಿ! ಇವ್ರು ನಮ್ಮವ್ರ ಅದಾರ! ಅಮ್ಮ, ಅಪ್ಪ, ನಾ, ನೀ. ಇನ್ನೇನ್ ಉಳೀತು ಭಾಷ್ಯಾಗ?"

"ನಾಕು ಮಾತು ಕೂಡಿದ್ರ ಬೀಗರಾಗ್ತಾರೇನ?" ಅಂದರು ಅವರು. ನನ್ನ ಗಂಡನಿಗೆ ವಿದ್ಯೆಯ ಮೇಲೆ ಗೌರವವಿಲ್ಲ.

ಮಗಳು ಸೈಕಲ್ಲಿನಲ್ಲಿ ಗುಡಿಗಳನ್ನು ನೋಡಲು ಹೊರಟಳು. ತಾಯಿಗೆ ಮೊಣಕಾಲು ನೋವು, ಮನೆಯಲ್ಲೇ ಉಳಿದಳು. ನಮ್ಮಿಬ್ಬರ ಮಾತಿಗೆ ಇರಲಿ ಅಂತ ಮಗಳು ತನ್ನ ಫೋನನ್ನು ಬಿಟ್ಟು ಹೋಗಲು ನೋಡಿದಳು. ಅದು ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತದಂತೆ. "ಬ್ಯಾಡವ್ವ, ತಗೊಂಡ್ಹೋಗು. ನಮಗ ಎಲ್ಲಾ ತಿಳೀತೈತಿ" ಅಂತ ಅವಳ ಕೈಗೇ ತುರುಕಿ ಕಳಿಸಿದೆ.

ಮಧ್ಯಾಹ್ನಕ್ಕೆ ಡ್ಯಾಮಿನ ಮೀನು ತರಿಸಿ ಸಾರು ಮಾಡಿದೆ. ಖಾರ ಹಾಕಬಾರದು ಅಂತ ನೆನಪಿತ್ತು. ಆದರೆ ಖಾರವಿಲ್ಲದ ಮೀನಿನ ಸಾರು ಬಾಣಂತಿಗೂ ಸೇರುವುದಿಲ್ಲ. ಒಂದು ಚಮಚ ಹಾಕಿದೆ. ಎರಡನೆಯದನ್ನು ಕೈಯೇ ಹಾಕಿತು. ಮೂರನೆಯದಕ್ಕೆ ನಾನು ಜವಾಬ್ದಾರಳಲ್ಲ!

ಮೂರು ತುತ್ತು ಉಂಡಳು ನೋಡಿ, ಮುಖ ಟೊಮೆಟೊ ಹಣ್ಣಾಯಿತು. ಕಣ್ಣಲ್ಲಿ ನೀರು. ಗಂಟಲಿಗೆ ಕೈ ಹಚ್ಚಿ, "ಮುಲ್! ಮುಲ್!" ಅಂದಳು.

ಮುಳ್ಳು! ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದೆ! ಚುಕ್ಕಿ ಹೋಗಲಿ, ಜೀವಕ್ಕೇ ಬಂತಲ್ಲ!

"ನೀರು ಕೇಳಾಕತ್ತಾಳೇನೋ, ನೋಡ ಹುಲಿಗೆವ್ವ" ಅಂದರು ಯಜಮಾನರು.

"ನೀರಿಗೆ ಯಾರರ ಮುಳ್ಳು ಅಂತಾರೇನ್ರಿ? ಸುಮ್ಮನ ಕುಂದ್ರಿ!"

ಗಂಟಲಲ್ಲಿ ಮುಳ್ಳು ಸಿಕ್ಕಾಗ ನೀರು ಕೊಡಬಾರದು, ಮುಳ್ಳು ಇನ್ನೂ ಕೆಳಗಿಳಿದು ಕೂಡುತ್ತದೆ ಅಂತ ನಮ್ಮ ಅತ್ತೆ ಹೇಳಿದ್ದರು. ಅಷ್ಟರಲ್ಲಿ ಆಕೆ ಎದ್ದು ಮೂಲೆಯ ಕೊಡದ ಕಡೆಗೇ ನಡೆದಳು. ನಾನು ಕಬಡ್ಡಿ ಆಡುವವರ ಹಾಗೆ ಎರಡೂ ಕೈ ಚಾಚಿ ಅಡ್ಡ ನಿಂತೆ. ಕೊಡವನ್ನು ಯಜಮಾನರ ಕೈಯಲ್ಲಿ ಮಂಚದ ಕೆಳಗೆ ಇಡಿಸಿದೆ. ಫ್ರಿಜ್ಜಿಗೆ ಕೀಲಿ ಹಾಕಿದೆ. ಕೀಲಿಕೈ ಅಂದರೆ ಜವಾಬ್ದಾರಿ!

ಮುಳ್ಳಿಗೆ ಮೊದಲ ಮದ್ದು ಅನ್ನದ ಉಂಡೆ. ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಅಗಿಯದೆ ನುಂಗು ಅಂತ ಬಾಯಿಗಿಟ್ಟೆ. ನುಂಗಿದಳು. ಮತ್ತೆ "ಮುಲ್!" ಎರಡನೆಯ ಮದ್ದು ಬೆನ್ನಿಗೆ ಗುದ್ದುವುದು. ಗುದ್ದಿದೆ.

"ಅಪಾ!" ಅಂದಳು.

"ನೋಡ್ರಿ! ನೋವಾದ್ರ ನಾವೂ ಅಪ್ಪಾ ಅಂತೀವಿ. ಭಾಷಿ ಒಂದ!"

"ನೀ ಗುದ್ದಿದ್ರ ಯಾವ ದೇಶದವ್ರಿಗಾದ್ರೂ ಅಪ್ಪ ನೆನಪಾಗ್ತಾನ" ಅಂದರು ಯಜಮಾನರು.

ಮೂರನೆಯ ಮದ್ದು ಇಡೀ ಬಾಳೆಹಣ್ಣು. ಒಂದನ್ನು ಹೇಗೋ ಒಳಗೆ ಕಳಿಸಿದೆ. ಎರಡನೆಯದನ್ನು ಸುಲಿದು ಹಿಡಿದಾಗ ಆಕೆ ಎರಡೂ ಕೈಯಿಂದ ತಳ್ಳಿ, "ಆನಿ! ಆನಿ!" ಅಂದಳು.

ಆನಿ? ಬಾಳೆಹಣ್ಣನ್ನು ಆನೆಗೆ ಕೊಡಬೇಕಂತೆ! ಗಂಟಲಲ್ಲಿ ಮುಳ್ಳಿಟ್ಟುಕೊಂಡು ಮೂಕಪ್ರಾಣಿಯ ಚಿಂತೆ ಮಾಡುತ್ತಾಳೆ, ಎಂಥ ಧರ್ಮಾತ್ಮೆ! ನನಗೆ ತಿಳಿಯಲಿಲ್ಲ ಅಂದುಕೊಂಡಳೋ ಏನೋ, ಬಾಗಿಲ ಕಡೆ ಕೈ ತೋರಿಸಿ, "ಗಜ! ಗಜ!" ಅಂದಳು.

"ಆನಿ ಅಂದ್ರೂ ಆನಿ, ಗಜ ಅಂದ್ರೂ ಆನಿ! ಕನ್ನಡ ತಿಳೀಲಿಲ್ಲಂತ ಸಂಸ್ಕೃತದಾಗ ಹೇಳಿದ್ಲು ನೋಡ್ರಿ! ಆಟೋ ಕರೀರಿ, ಹಂಪಿ ಗುಡಿ ಆನಿ ಹತ್ರ ಹೋಗೂಣು."

"ಮುಳ್ಳಿಗೂ ಆನಿಗೂ ಏನ್ ಸಂಬಂಧ?"

"ಆನಿ ತಲಿ ಮ್ಯಾಲ ಸೊಂಡ್ಲು ಇಟ್ಟು ಅಲುಗಿಸಿದ್ರ ಮುಳ್ಳು ತಾನ ಉದುರ್ತೈತಿ."

ಇಷ್ಟು ಶಾಸ್ತ್ರೋಕ್ತವಾಗಿ ಹೇಳಿದ ಮೇಲೆ ಗಂಡಸು ಏನು ಮಾತಾಡುತ್ತಾನೆ? ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಮೂವರೂ ಆಟೋ ಹತ್ತಿದೆವು. ಬಿಸಿಲು ಅಂದರೆ ಬಿಸಿಲು, ಬಂಡೆಗಳೇ ಬೆವರಬೇಕು. ದಾರಿಯಲ್ಲಿ ಕಾಲುವೆ ಬಂತು. ಆಕೆ ಅರ್ಧ ಮೈ ಹೊರಗೆ ಹಾಕಿ "ಮುಲ್! ಮುಲ್!" ಅಂತ ಚೀರಿದಳು. ಕಾಲುವೆಯ ದಂಡೆಯಲ್ಲಿ ಸಾಲಾಗಿ ಜಾಲಿ ಗಿಡ ಇದ್ದವು.

"ಹೌದವ್ವ, ಅವೂ ಮುಳ್ಳ" ಅಂದೆ. ಕಲಿಯುವವರಿಗೆ ಹುರುಪು ತುಂಬಬೇಕು.

ಗುಡಿಯಲ್ಲಿ ಆನೆ ದೊಡ್ಡ ತೊಟ್ಟಿಯ ಮುಂದೆ ನಿಂತು ನೀರು ಕುಡಿಯುತ್ತಿತ್ತು. ಅದನ್ನು ಕಂಡಿದ್ದೇ ತಡ, ಮೊಣಕಾಲು ನೋವಿನ ಮುದುಕಿ ಓಡಿದಳು. ಆನೆಯನ್ನು ನೋಡಲೇ ಇಲ್ಲ! "ಮುಲ್!" ಅನ್ನುತ್ತ ತೊಟ್ಟಿಗೆ ಎರಡೂ ಕೈ ಹಾಕಿದಳು. ಆನೆ ಸೊಂಡಿಲು ಎಳೆದುಕೊಂಡು ಜಾಗ ಬಿಟ್ಟಿತು. ಅದಕ್ಕೆ ನನಗಿಂತ ಬುದ್ಧಿಯಿದೆ.

ಮಾವುತ ಓಡಿ ಬಂದ. "ಅಯ್ಯ, ಆ ನೀರು ಬ್ಯಾಡ್ರೀ ಯವ್ವಾ!" ಅಂತ ತನ್ನ ಬಾಟಲಿ ಕೊಟ್ಟ. ಆಕೆ ಉಸಿರು ಬಿಡದೆ ಇಡೀ ಬಾಟಲಿ ಬರಿದು ಮಾಡಿದಳು.

"ಎಷ್ಟೊತ್ತಾತ್ರಿ ಇವ್ರು ನೀರು ಕೇಳಾಕತ್ತು?" ಅಂತ ಮಾವುತ ನನ್ನನ್ನು ಕೇಳಿದ.

"ನೀರ ಕೇಳಿಲ್ಲ ತಮ್ಮಾ. ಮುಳ್ಳು ಸಿಕ್ಕೈತಿ ಅಂದ್ಲು."

"ಯವ್ವಾ, ಕೊರಿಯಾದವ್ರು ಇಲ್ಲಿಗೆ ದಿನಾ ಬರ್ತಾರ. ಅವರ ಭಾಷ್ಯಾಗ ಮುಲ್ ಅಂದ್ರ ನೀರು!"

ನನ್ನ ಪಕ್ಕದಲ್ಲಿ ಯಜಮಾನರು ಕೆಮ್ಮಿದರು. ಬರೀ ಕೆಮ್ಮು. ಆದರೆ ನಲವತ್ತೈದು ವರ್ಷದ ಸೇಡು ಅದರಲ್ಲಿತ್ತು.

"ಮತ್ತ ಆನಿ?" ಅಂದೆ ಸಣ್ಣ ದನಿಯಲ್ಲಿ.

"ಆನಿ ಅಂದ್ರ ಬ್ಯಾಡ ಅಂತ. ನಾನೂ ಮೊದ್ಲಿಗೆ ನಮ್ಮ ಆನಿ ಹೊಗಳ್ತಾರಂತ ಹಿಗ್ಗಿದ್ದೆ."

"ಗಜ?"

"ನಡಿ, ಹೋಗೂಣು ಅಂತ."

"ಅಪಾ?"

"ನೋವಾತು ಅಂತ."

"ಅದು ನನಗ ಗೊತ್ತಿತ್ತು!" ಅಂದೆ. ನಾಲ್ಕರಲ್ಲಿ ಒಂದು!

ಅಂದರೆ ಆಕೆ ನೀರು ಕೇಳಿದಾಗ ನಾನು ಅನ್ನ ತುರುಕಿ ಕೊಡ ಬಚ್ಚಿಟ್ಟಿದ್ದೆ. ಬೇಡ ಅಂದಾಗ ಒಂದು ಡಜನ್ ಬಾಳೆಹಣ್ಣು ಕೊಂಡಿದ್ದೆ. ಹೊರಗೆ ಹೋಗೋಣ, ಎಲ್ಲಾದರೂ ನೀರು ಸಿಕ್ಕೀತು ಅಂದಾಗ ಆನೆಯ ಮುಂದೆ ತಂದು ನಿಲ್ಲಿಸಿದ್ದೆ.

"ಹಂಗಾದ್ರ ಅಮ್ಮ, ಅಪ್ಪ ಹೆಂಗ ಕೂಡಿದ್ವು ತಮ್ಮಾ?"

"ಕೂಡ್ತಾವ್ರಿ, ಸಂತ್ಯಾಗ ಯಾರದೋ ಮುಖ ಯಾರಿಗೋ ಕೂಡಿದಂಗ. ಹಂಗಂತ ಅವನ ಮನಿಗೆ ಹೋಗಿ ಊಟಕ್ಕ ಕುಂದ್ರಾಕ ಬರ್ತೈತೇನ್ರಿ?"

ಆಗ ಆ ಮುದುಕಿ ನನ್ನ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, ಉದ್ದಕ್ಕೆ ಏನೋ ಹೇಳಿದಳು. ಏನಂತಾಳೆ ಅಂತ ಕೇಳಿದರೆ ಮಾವುತ ಆನೆಯ ಕಿವಿ ಸವರುತ್ತ, "ಅಷ್ಟೆಲ್ಲಾ ನನಗ ಬರಾಂಗಿಲ್ರಿ" ಅಂದ. ಅವನಿಗೆ ಚೆನ್ನಾಗಿ ಬರುತ್ತಿತ್ತು, ನನಗೆ ಗೊತ್ತು. ಕೊನೆಗೆ ಆಕೆಯೇ ಬಾಳೆಹಣ್ಣು ಕಸಿದುಕೊಂಡು ಆನೆಗೆ ಕೊಟ್ಟಳು. ಆನೆ ಆಕೆಯ ತಲೆಯ ಮೇಲೆ ಸೊಂಡಿಲು ಇಟ್ಟಿತು. ಆಕೆ ನಕ್ಕಳು. ನಾನೂ ನಕ್ಕೆ, ಕೀಲಿಕೈ ಉಳಿಯಿತು ಅಂತ.

ಸಂಜೆ ಮಂಜುಳಾ ಬಂದಳು. ಮನೆ ಮನೆಯ ಹಾಗೇ ಇತ್ತು, ಕೊಡ ಮೂಲೆಯಲ್ಲಿತ್ತು. ಯಜಮಾನರ ಬಾಯಿ ಮುಚ್ಚಿಸಲು ಎರಡು ಕಟ್ಟು ಬೀಡಿ ಕೊಡಿಸಿದ್ದೆ. "ಪರವಾಗಿಲ್ರಿ ಅತ್ತಿ, ಛಲೋ ನೋಡ್ಕೊಂಡೀರಿ. ಕೀಲಿಕೈ ನಿಮ್ಮ ಹತ್ರಾನ ಇರ್ಲಿ" ಅಂದಳು. ಎರಡು ದಿನ ನಾನು ರಾಣಿ.

ಮೂರನೆಯ ದಿನ ಕೊರಿಯಾದವರು ಹೋದರು. ಸಂಜೆ ಸೊಸೆಯ ಫೋನು ಟಿಂಗ್ ಅಂದಿತು. ಅವರು ಬರೆದದ್ದನ್ನು ಫೋನು ಕನ್ನಡ ಮಾಡಿ ಕೊಟ್ಟಿತ್ತು. ಮಂಜುಳಾ ಗಟ್ಟಿಯಾಗಿ ಓದಿದಳು:

"ನಾಲ್ಕು ಚುಕ್ಕಿ. ಮನೆ ಸ್ವಚ್ಛವಾಗಿದೆ. ಅಜ್ಜಿ ಬಹಳ ಶಕ್ತಿಶಾಲಿ. ಆನೆ ಅತ್ಯುತ್ತಮ. ದಯವಿಟ್ಟು ನಿಮ್ಮ ನೀರನ್ನು ನೀವೇ ತನ್ನಿರಿ."

ಸೊಸೆ ತಲೆಯೆತ್ತಿದಳು. "ಅತ್ತಿ, ನಮ್ಮ ಮನ್ಯಾಗ ಆನಿ ಎಲ್ಲೈತ್ರಿ?"

ನಾನು ಯಜಮಾನರ ಮುಖ ನೋಡಿದೆ. ಬೀಡಿ ಮುಗಿದಿದ್ದವು. ಅವರು ಮೊದಲಿನಿಂದ ಕೊನೆಯವರೆಗೆ, ನಾನು ಕಬಡ್ಡಿ ನಿಂತ ಭಂಗಿಯ ಸಮೇತ, ಎಲ್ಲವನ್ನೂ ಹೇಳಿದರು. ಮಂಜುಳಾ ನಗಲಿಲ್ಲ. ಕೈ ಚಾಚಿದಳು.

"ನಾಕು ಚುಕ್ಕಿ ಬಂದಾವಲ್ಲ ಮಂಜುಳಾ" ಅಂದೆ. "ಕೀಲಿಕೈ ನನ್ನ ಹತ್ರಾನ ಇರ್ಲೇನು?"

"ಆನಿ, ಅತ್ತಿ" ಅಂದಳು. "ಆನಿ."

ಈ ಸಲ ನನಗೆ ಒಂದೇ ಮಾತಿಗೆ ಅರ್ಥವಾಯಿತು.