ಗಜಟೋನ್ ಬಿಟ್ಟ ಓಂಪ್ರಕಾಶ

ಬಸವಕಲ್ಯಾಣದ ಓಂಪ್ರಕಾಶನಿಗೆ ಎರಡು ವಿಷಯಗಳಲ್ಲಿ ಎಂದೂ ಅನುಮಾನ ಇರಲಿಲ್ಲ. ಒಂದು, ಬೇಸ್ ಗಿಟಾರಿಗೆ ಆಂಪ್ಲಿಫೈಯರ್ ಅಂದರೆ ಗಜಟೋನ್ ಕಂಪನಿಯದೇ. ಇನ್ನೊಂದು, ಹುಮನಾಬಾದಿನಲ್ಲಿರುವ ತನ್ನ ಷಡ್ಡಕ ಸಂಜೀವಕುಮಾರನಿಗೆ ಸಂಗೀತದ ಗಂಧ ಗಾಳಿಯೂ ಇಲ್ಲ. ಇದಕ್ಕೆ ಪುರಾವೆಯಾಗಿ ಆ ಮನುಷ್ಯ ಮೊರೆಲ್ಲಾ ಕಂಪನಿಯ ಆಂಪ್ಲಿಫೈಯರ್ ಇಟ್ಟುಕೊಂಡಿದ್ದ.

ಓಂಪ್ರಕಾಶ ತನ್ನೂರಿನ ವಚನ ಗಾಯನ ಮಂಡಳಿಯಲ್ಲಿ ಬೇಸ್ ಬಾರಿಸುತ್ತಿದ್ದ, ಸಂಜೀವ ಹುಮನಾಬಾದಿನ ಭಜನಾ ಮಂಡಳಿಯಲ್ಲಿ. ವಚನಕ್ಕೆ ಈ ಢುಂ ಢುಂ ಯಾಕೆ ಎಂದು ಮೊದಮೊದಲು ಗೊಣಗಿದ ಹಿರಿಯರು ಈಗ ಢುಂ ಅನ್ನದಿದ್ದರೆ ತಲೆಯನ್ನೇ ತೂಗುತ್ತಿರಲಿಲ್ಲ. ಇಬ್ಬರ ಹೆಂಡಂದಿರು, ಅಂದರೆ ಮಾಣಿಕಮ್ಮ ಮತ್ತವಳ ತಂಗಿ ದೀಪಾಲಿ, ಒಂದೇ ಥಾನಿನ ನೀಲಿ ಬಟ್ಟೆಯಲ್ಲಿ ಒಂದೇ ಅಳತೆಯ ಎರಡು ಗವಸು ಹೊಲಿದು, ಒಂದರ ಮೇಲೆ ‘ಗಜಟೋನ್’, ಇನ್ನೊಂದರ ಮೇಲೆ ‘ಮೊರೆಲ್ಲಾ’ ಎಂದು ಕೆಂಪು ದಾರದಲ್ಲಿ ಕಸೂತಿ ಹಾಕಿದ್ದರು. ಧೂಳು ಹೊಕ್ಕೀತೆಂದು ಬಾರಿಸುವಾಗಲೂ ಗವಸು ತೆಗೆಯುತ್ತಿರಲಿಲ್ಲ. ಸದ್ದು ಬರಲೆಂದು ಮುಂದುಗಡೆ ಜಾಳು ಬಟ್ಟೆ ಇತ್ತು, ವೈರು ತೂರಿಸಲು ಒಂದು ತೂತು.

“ಮೊರೆಲ್ಲಾ ಅಂದ್ರ ಖಾಲಿ ಡಬ್ಬಾ ರೀ,” ಎಂದು ಓಂಪ್ರಕಾಶ ಗಯಾಸುದ್ದೀನನ ಚಹಾ ಹೋಟೆಲಿನಲ್ಲಿ ದಿನಾ ಸಾರುತ್ತಿದ್ದ. “ಅದು ಚಲೋ ಅದ ಅಂತ ನನ್ನ ಬಾಯಿಂದ ಬಂದ ದಿನ, ಮಂದಿ ಮುಂದ ಸಂಜೀವನ ಕಾಲು ಮುಗೀತೀನಿ. ನನಗಿಂತ ಸಣ್ಣಾಂವ ಇದ್ರೂ ಮುಗೀತೀನಿ!” ಹೋಟೆಲಿನ ಮಂದಿ ಈ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು.

ಎಲ್ಲ ಕೆಟ್ಟದ್ದು ಕಳೆದ ಗುರುವಾರ. ಚಿಟಗುಪ್ಪದಲ್ಲಿ ಕೆಲಸ ಮುಗಿಸಿ ಬರುವಾಗ ಓಂಪ್ರಕಾಶ ಮಾಣಿಕನಗರದಲ್ಲಿ ಆಟೋ ಕಾಯುತ್ತ ನಿಂತಿದ್ದ. ಪಕ್ಕದ ಪೆಂಡಾಲಿನಿಂದ ಢುಂ ಅಂತ ಒಂದು ಸದ್ದು ಬಂದು ಸೀದಾ ಎದೆಗೇ ಬಡಿಯಿತು. ಎಂಥ ಸದ್ದು! ಕತ್ತು ಉದ್ದ ಮಾಡಿ ನೋಡಿದರೆ ಬಾರಿಸುತ್ತಿದ್ದವನು ಸಂಜೀವ, ಮಗ್ಗುಲಲ್ಲಿ ‘ಮೊರೆಲ್ಲಾ’. ಓಂಪ್ರಕಾಶ ಮನೆಗೆ ಬಂದು, ಮೂಲೆಯಲ್ಲಿ ಕೂತಿದ್ದ ‘ಗಜಟೋನ್’ ಗವಸನ್ನು ಕನಿಕರದಿಂದ ನೋಡಿ, ಉಣ್ಣದೆ ಮಲಗಿದ.

ಮೂರು ದಿನ ಯೋಚಿಸಿ ಒಂದು ಉಪಾಯ ತೆಗೆದ. ಸಂಜೀವನ ಹತ್ತಿರ ಗುಟ್ಟಾಗಿ ಅದಲುಬದಲು ಮಾಡಿಕೊಳ್ಳುವುದು. ಒಳಗಿನ ಪೆಟ್ಟಿಗೆ ಬದಲಾದರೂ ಗವಸು ಅವರವರದೇ. ಊರಿನ ಕಣ್ಣಿಗೆ ಗಜಟೋನ್, ತನ್ನ ಕಿವಿಗೆ ಮೊರೆಲ್ಲಾ. ಕಾಲು ಮುಗಿಯುವ ಮಾತೇ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ, ಮಾಣಿಕಮ್ಮ ನೀರಿಗೆ ಹೋದಾಗ, ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಹುಮನಾಬಾದ ಬಸ್ಸಿಗೆ ಏರಿಸಿದ. ಏರಿಸಿ ತಿರುಗಿದರೆ ಮುಂದಿನ ಸೀಟಿನಲ್ಲಿ ಮಂಡಳಿಯ ಅಧ್ಯಕ್ಷ ಬಸವಣಪ್ಪ.

“ಏನ್ ಹೊತ್ಕೊಂಡು ಹೊಂಟೀರಿ ಓಂಪ್ರಕಾಶ? ಯಾರಿಗರೆ ಆರಾಮಿಲ್ಲೇನು, ಕೌದಿ ಹೊದಿಸೀರಿ?”

“ಏನಿಲ್ರಿ... ಸಾಮಾನು.”

ಬಸವಣಪ್ಪ ಕೌದಿಯ ಅಂಚು ಎತ್ತಿ ನೋಡಿಯೇಬಿಟ್ಟರು. “ಅರೇ, ಗಜಟೋನ್! ರಿಪೇರಿಗೇನು?”

“ಗಜಟೋನ್ ರಿಪೇರಿಗಿ ಬರಾಂಗಿಲ್ರಿ,” ಎಂದು ಹಳೇ ಅಭ್ಯಾಸದಿಂದ ಬಾಯಿ ತಾನೇ ಹೇಳಿತು. “ನಮ್ಮ ಸಂಜೀವಗ ನಾಕು ದಿನ ಬಾರಸಾಕ ಕೊಡಾಕ ಹೊಂಟೇನಿ.”

ಬಸವಣಪ್ಪನವರ ಕಣ್ಣು ತುಂಬಿ ಬಂತು. “ಆ ಮೊರೆಲ್ಲಾದಂವಗ ನೀವು ಕೊಡಾಕತ್ತೀರಿ? ಏನ್ ದೊಡ್ಡ ಮನಸ್ಸು ರೀ ನಿಮ್ಮದು!” ಎಂದವರೇ, ಬಸ್ಸು ರಾಜೇಶ್ವರ ಗ್ರಾಮ ದಾಟುವುದರೊಳಗೆ ಸಂಜೀವನಿಗೆ ಫೋನು ಹಚ್ಚಿ, ಸಂಜೆ ಬಸವಕಲ್ಯಾಣದ ಕಾರ್ಯಕ್ರಮಕ್ಕೆ ಬಂದು ಜೋಡಿಯಾಗಿ ಬಾರಿಸಬೇಕೆಂದು ಕರೆದೂಬಿಟ್ಟರು. ಓಂಪ್ರಕಾಶ ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡ.

ಹುಮನಾಬಾದಿನ ಮನೆಯಲ್ಲಿ ಅದಲುಬದಲಿನ ವಿಷಯ ಕೇಳಿ ಸಂಜೀವ ಬೆರಗಾದ. “ಖರೇನ ಅಣ್ಣಾ? ನನ್ನ ಮೊರೆಲ್ಲಾ ನಿಮಗ ಬೇಕು? ಒಮ್ಮಿ ಹಚ್ಚಿ ನೋಡ್ರಿ, ಆಮ್ಯಾಲ ನನಗ ಅನಬ್ಯಾಡ್ರಿ.”

“ಹಚ್ಚೋದೇನು ಬ್ಯಾಡೋ. ಗುರುವಾರ ಮಾಣಿಕನಗರದಾಗ ನಿಂತು ಕೇಳೇನಿ.”

ಸಂಜೀವನಿಗೆ ಚಹಾ ನೆತ್ತಿಗೇರಿತು. ದೀಪಾಲಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

“ಆತ್ರಿ,” ಎಂದ ಸಂಜೀವ, ಕೆಮ್ಮು ನಿಂತ ಮೇಲೆ. “ಆದ್ರ ಸಂಜಿಗಿ ಮಂದಿ ಮುಂದ ಮೊರೆಲ್ಲಾ ಚಲೋ ಅದ ಅಂತ ಒಂದು ಮಾತು ಅನಬೇಕು.”

ಓಂಪ್ರಕಾಶನಿಗೆ ಎದ್ದು ಹೋಗೋಣ ಅನ್ನಿಸಿತು. ಆದರೆ ಆ ಢುಂ ಇನ್ನೂ ಎದೆಯಲ್ಲೇ ಇತ್ತು. ಇಜ್ಜತ್ತು ಹೋದರೆ ಹೋಗಲಿ, ಸದ್ದು ಬೇಕು. ಒಪ್ಪಿಕೊಂಡ. ಪೆಟ್ಟಿಗೆಗಳು ಗವಸು ಬದಲಿಸಿದವು.

ಸಂಜೆ ಸಭಾಂಗಣ ತುಂಬಿತ್ತು. ಓಂಪ್ರಕಾಶ ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, “ನನ್ನದು ತಪ್ಪಾಗ್ಯದ. ಆಂಪ್ಲಿಫೈಯರ್ ಅಂದ್ರ ಮೊರೆಲ್ಲಾ,” ಎಂದ.

“ಕಾಲು!” ಎಂದು ಹಿಂದಿನಿಂದ ಗಯಾಸುದ್ದೀನ ನೆನಪಿಸಿದ.

ಓಂಪ್ರಕಾಶ ಬಗ್ಗಿ ಸಂಜೀವನ ಕಾಲು ಮುಗಿದ. ಸಂಜೀವ ಗಂಭೀರವಾಗಿ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಇನ್ನೇನು, ಆದದ್ದು ಆಯಿತು, ಇನ್ನು ಸದ್ದು ನನ್ನದೇ ಎಂದುಕೊಂಡು ಓಂಪ್ರಕಾಶ ಗಿಟಾರು ಹೆಗಲಿಗೇರಿಸಿ ತಂತಿ ಮೀಟಿದ. ಏನೂ ಕೇಳಲಿಲ್ಲ. ವೈರು ಕಿತ್ತು ಹಚ್ಚಿದ, ಗುಂಡಿಗಳನ್ನೆಲ್ಲ ತಿರುವಿದ. ಕಮಕ್ ಕಿಮಕ್ ಅನ್ನಲಿಲ್ಲ.

ಮಾಣಿಕಮ್ಮ ವೇದಿಕೆಯ ಅಂಚಿಗೆ ಬಂದಳು. “ಯಾಕ್ರಿ, ನಮ್ಮ ಗಜಟೋನಿಗಿ ಏನಾತು?”

“ಇದು ಸಂಜೀವನ ಮೊರೆಲ್ಲಾ,” ಎಂದು ಅವನು ಪಿಸುಗುಟ್ಟಿದ. “ಬದಲಿ ಮಾಡ್ಕೊಂಡೇನಿ.”

“ಅಯ್ಯ ನನ ಶಿವನ! ಅದು ಸುಟ್ಟು ತಿಂಗಳಾತಲ್ರಿ!”

“ಗುರುವಾರ ನಾನೇ ಕೇಳೇನಲ್ಲ?”

“ಗುರುವಾರ ಬಾರಿಸಿದ್ದು ನಮ್ಮ ಗಜಟೋನ್. ನಿಮಗ ಕೇಳಿದ್ರ ಕೊಡಾಂಗಿಲ್ಲ ಅಂತಿದ್ರಿ, ಅದಕ್ಕ ನೀವು ಚಿಟಗುಪ್ಪಕ್ಕ ಹೋದಾಗ ನಾನೇ ಕೊಟ್ಟೆ. ಸಂಜೀವ ಅದಕ್ಕ ತನ್ನ ಗವಸು ಹಾಕ್ಕೊಂಡ. ನಿಮಗ ಹೇಳಬ್ಯಾಡ ಅಂತ ಅವಗ ಆಣಿ ಹಾಕಿದ್ದೆ. ಮರುದಿನ ನೀವು ಅಂಗಡಿಗಿ ಹೋದ ಮ್ಯಾಲ ತಂದಿಟ್ಟು ಹೋದ.”

“ಮತ್ತ ಅವತ್ತು ಮೂಲ್ಯಾಗ ಗವಸು ಹಾಕಿದ್ದು?”

“ಜ್ವಾಳದ ಡಬ್ಬಿ.”

ಅಷ್ಟರಲ್ಲಿ ಸಂಜೀವ, ಕೆಂಪು ದಾರದ ‘ಮೊರೆಲ್ಲಾ’ ಗವಸಿನೊಳಗಿದ್ದ ಗಜಟೋನಿಗೆ ವೈರು ಹಚ್ಚಿ ಒಂದು ತಂತಿ ಮೀಟಿದ. ಢುಂ! ಸಭಾಂಗಣದ ಕಿಟಕಿಗಳೆಲ್ಲ ಗಡಗಡ ಅಂದವು. ಜನ ಒಮ್ಮೆ ಮೂಕವಾಗಿ ಕೂತ ‘ಗಜಟೋನ್’ ಕಡೆ ನೋಡಿದರು, ಒಮ್ಮೆ ಗುಡುಗುತ್ತಿದ್ದ ‘ಮೊರೆಲ್ಲಾ’ ಕಡೆ ನೋಡಿದರು.

“ಓಂಪ್ರಕಾಶ ಅಂದಿದ್ದು ಖರೇ ಅದ ನೋಡ್ರಿ!” ಎಂದರು ಬಸವಣಪ್ಪ ಮೈಕು ಹಿಡಿದು. “ಇನ್ನ ನಮ್ಮ ಮಂಡಳಿಗಿ ಮೊರೆಲ್ಲಾನೇ. ನಾಳೇನೇ ತರಸ್ತೀವಿ, ಕಾಯಂ ಓಂಪ್ರಕಾಶನೇ ಬಾರಸಬೇಕು!”

ಮತ್ತೆ ಚಪ್ಪಾಳೆ. ಒಂದೇ ದಿನದಲ್ಲಿ ಎರಡು ಸಲ ಮನಸ್ಸು ಬದಲಿಸುವವನನ್ನು ಊರಿನಲ್ಲಿ ಏನೆನ್ನುತ್ತಾರೆಂದು ಓಂಪ್ರಕಾಶನಿಗೆ ಗೊತ್ತಿತ್ತು. ಅವನು ಕೈಮುಗಿದ. ವೇದಿಕೆಯ ಮೇಲೆ ಸುಮ್ಮನೆ ನಿಲ್ಲುವುದು ಸರಿಯಲ್ಲವೆಂದು ಸದ್ದಿಲ್ಲದ ತಂತಿಗಳನ್ನು ಮೀಟುತ್ತ ತಾಳಕ್ಕೆ ಸರಿಯಾಗಿ ತಲೆಯಾಡಿಸಿದ.

“ಅಣ್ಣಾ,” ಎಂದು ಹಿಂದಿನಿಂದ ಗಯಾಸುದ್ದೀನ ಕೂಗಿದ, “ಆ ಗಜಟೋನ್ ಡಬ್ಬಾ ಇನ್ನ ಏನ್ ಮಾಡ್ತೀರಿ?”

“ಜ್ವಾಳ ತುಂಬಿಡ್ತೀನಿ,” ಎಂದ ಓಂಪ್ರಕಾಶ.